ಮೂರನೆಯ ಕೂಗಿಗೆ ಒಂದು ಮೈಕು

ನನ್ನ ಮೇಜಿನ ಮೇಲೆ ಮೂರು ಮೈಕುಗಳಿವೆ. ಬೇಕಾಗಿದ್ದದ್ದು ಒಂದೇ. ಒಂದು ಅಂಗಿಯ ಕಾಲರಿಗೆ ಸಿಕ್ಕಿಸಿಕೊಳ್ಳುವಂಥದ್ದು, ಕಡಲೆಕಾಳಿನಷ್ಟು. ಇನ್ನೊಂದು ಬೆಳ್ಳಿಬಣ್ಣದ್ದು, ಮೂರು ಕಾಲಿನ ಮೇಲೆ ಮದುಮಗನ ಹಾಗೆ ನೆಟ್ಟಗೆ ನಿಲ್ಲುತ್ತದೆ. ಮೂರನೆಯದು ಕಪ್ಪಗೆ, ದಪ್ಪಗೆ, ನೋಡಿದರೆ ಯಾರಿಗೂ ಆಸೆಯಾಗದಂಥದ್ದು. ಅದರ ತಲೆಗೆ ತೊಡಿಸುವ ಸ್ಪಂಜಿನ ಟೊಪ್ಪಿಗೆ ಒಂದು ಕಡೆ ಹರಿದಿದೆ. ಹೊಸ ಸ್ಪಂಜು ಸಿಗುವುದಿಲ್ಲವೆಂದಲ್ಲ. ನಾನೇ ಬದಲಿಸಿಲ್ಲ.

ಮನೆಗೆ ಬಂದವರು ಕೇಳುತ್ತಾರೆ: "ಮೂರ್ ಮೂರ್ ಮೈಕ್ ಯಾಕ್ರಿ ಸರ್? ಎಲೆಕ್ಷನ್‌ಗೆ ನಿಂದ್ರತೀರೇನು?" ನಾನು ನಕ್ಕು ಚಹಾ ತರಲು ಒಳಗೆ ಹೋಗುತ್ತೇನೆ. ಅದನ್ನು ಹೇಳಬೇಕೆಂದರೆ ಅಪ್ಪನ ಗಂಟಲಿನಿಂದ ಶುರು ಮಾಡಬೇಕಾಗುತ್ತದೆ. ಚಹಾ ಆರುವುದರೊಳಗೆ ಮುಗಿಯುವ ಮಾತಲ್ಲ ಅದು.

ನಮ್ಮಪ್ಪ ಗಂಟಲಿನಿಂದ ಉಂಡವನು. ಹಾಡುಗಾರನೆಂದು ತಿಳಿಯಬೇಡಿ. ಹುಟ್ಟಿದ್ದು ಚಿಂಚೋಳಿ ಕಡೆಯ ಕೊಡ್ಲಿಯಲ್ಲಿ. ಹೊಟ್ಟೆಪಾಡಿಗೆ ವಾಡಿಗೆ ಬಂದು ಸುಣ್ಣದ ಕಲ್ಲಿನ ಖಣಿ ಸೇರಿದ. ಮೊದಲು ಸುತ್ತಿಗೆ ಹಿಡಿದ, ಆಮೇಲೆ ಬುಟ್ಟಿ ತುಂಬಿಸಿದ. ಒಂದು ದಿನ ಯಾವುದೋ ಮಾತಿಗೆ ಖಣಿಯ ಈ ದಂಡೆಯಿಂದ ಆ ದಂಡೆಯವನನ್ನು ಕರೆದನಂತೆ. ಆ ದಂಡೆಯವನಷ್ಟೇ ಅಲ್ಲ, ಅದರಾಚೆಯ ರಸ್ತೆಯಲ್ಲಿ ಹೋಗುತ್ತಿದ್ದ ಟಾಂಗಾದವನೂ ಗಾಡಿ ನಿಲ್ಲಿಸಿದನಂತೆ. ಕೂಲಿಗಳ ಮೇಲಿನ ಮುಕಾದಮ ಅಪ್ಪನನ್ನು ಕರೆದು, "ನಾಳಿಯಿಂದ ನೀ ಕಲ್ಲ ಹೊಡೀಬ್ಯಾಡ, ಕೂಗು" ಅಂದ. ಅಂದಿನಿಂದ ಅಪ್ಪನ ಕೆಲಸ ಕೂಗುವುದು.

ಖಣಿಯಲ್ಲಿ ಬಂಡೆಗೆ ತೂತು ಕೊರೆದು ಮದ್ದು ತುಂಬಿ ಸಿಡಿಸುತ್ತಾರೆ. ಸಿಡಿಸುವ ಮುಂಚೆ ಕೆಳಗಿದ್ದವರೆಲ್ಲ ದೂರ ಸರಿಯಬೇಕು. ಆಗ ಸೈರನ್ನು ಇರಲಿಲ್ಲ, ಅಪ್ಪ ಇದ್ದ. ದಿನಾ ಮಧ್ಯಾಹ್ನ ದಂಡೆಯ ಮೇಲೆ ನಿಂತು ಮೂರು ಸಲ "ಹುಷಾರೋ... ಹುಷಾರ್!" ಎಂದು ಕೂಗುತ್ತಿದ್ದ. ಮೊದಲನೆಯ ಕೂಗಿಗೆ ಕೈಯಲ್ಲಿದ್ದದ್ದನ್ನು ಕೆಳಗಿಡಬೇಕು. ಎರಡನೆಯದಕ್ಕೆ ದೂರ ಹೋಗಿ ಮರೆಯಾಗಬೇಕು. ಮೂರನೆಯದು ಬಂತೆಂದರೆ ಮದ್ದಿಗೆ ಬೆಂಕಿ.

ಖಣಿಯಿಂದ ನಮ್ಮ ಮನೆ ಒಂದು ಮೈಲಿ ದೂರ. ಅಲ್ಲಿಗೂ ಅಪ್ಪನ ಕೂಗು ಬರುತ್ತಿತ್ತು. ನಾನು ಆಗ ಪಾಟಿಯ ಮೇಲೆ ಅ ಆ ತಿದ್ದುವ ವಯಸ್ಸಿನವನು. ಮೊದಲ ಕೂಗು ಕೇಳಿದೊಡನೆ ಬಳಪ ಇಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಒಂದು. ಎರಡು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಒಂದು ಬಿಡುವು. ಒಮ್ಮೊಮ್ಮೆ ಚಿಕ್ಕದು, ಒಮ್ಮೊಮ್ಮೆ ಭಾಳ ಉದ್ದ. ಆ ಬಿಡುವಿನಲ್ಲಿ ನಾನು ಬೆರಳು ಮಡಚಿ ಎಣಿಸುತ್ತಿದ್ದೆ. ಅಪ್ಪ ನೀರು ಕುಡಿಯುತ್ತಿರಬೇಕು, ಉಸಿರು ತೊಗೊಳ್ಳುತ್ತಿರಬೇಕು ಎಂದು ನನ್ನಷ್ಟಕ್ಕೆ ನಾನೇ ತಿಳಿದುಕೊಂಡಿದ್ದೆ. ಆಮೇಲೆ ಮೂರನೆಯದು ಬರುತ್ತಿತ್ತು. ಅದರ ಹಿಂದೆಯೇ ನೆಲ ಒಮ್ಮೆ ನಡುಗಿ, ಮಾಡದಲ್ಲಿಟ್ಟ ಹಿತ್ತಾಳಿ ತಂಬಿಗೆ ಝಣ್ ಎನ್ನುತ್ತಿತ್ತು. ಈ ಬಿಡುವಿನ ಮಾತು ನೆನಪಿನಲ್ಲಿಡಿ. ಅದರ ಅರ್ಥ ತಿಳಿಯಲು ಒಂದು ಡಿಗ್ರಿ, ಒಂದು ಎಂ.ಎ., ಮೂರು ಮೈಕು ನನಗೆ ಸಾಲದೆ ಹೋದವು.

ಡಿಗ್ರಿ ಅಂದೆನಲ್ಲ. ಹೇಳಿಯೇ ಬಿಡುತ್ತೇನೆ, ಇದರಲ್ಲಿ ಸಂಕೋಚ ನನಗಿಲ್ಲ: ಅಪ್ಪನ ಕಡೆಗಾಗಲಿ ಅವ್ವನ ಕಡೆಗಾಗಲಿ, ಹೆಸರಿನ ಮುಂದೆ ಬಿ.ಎ. ಎಂದು ಬರೆದುಕೊಂಡ ಮೊದಲನೆಯವನು ನಾನು. ರೋಡಿನ ದೀಪದ ಕೆಳಗೆ ಓದಿದೆ ಎಂದೆಲ್ಲ ಕಥೆ ಕಟ್ಟುವುದಿಲ್ಲ, ಮನೆಯಲ್ಲಿ ಲೈಟಿತ್ತು. ಲೈಟಿನ ಕೆಳಗೆ ಕುಳಿತುಕೊಳ್ಳಲು ಜಾಗ ಇರಲಿಲ್ಲ, ಅಷ್ಟೇ. ಮಲಖೇಡದ ಬಾಜು ಆದಿತ್ಯನಗರದಲ್ಲಿ ಫ್ಯಾಕ್ಟರಿ ನೌಕರರ ಮಕ್ಕಳಿಗೆ ಟ್ಯೂಷನ್ ಹೇಳುತ್ತಾ, ಸೇಡಂನಲ್ಲಿ ಕಾಲೇಜು ಮಾಡಿದೆ. ಈಗ ಚಿತ್ತಾಪುರದಲ್ಲಿ ಪಿಯುಸಿ ಹುಡುಗರಿಗೆ ಇತಿಹಾಸ ಹೇಳುತ್ತೇನೆ.

ಸೇಡಂ ಕಾಲೇಜಿಗೆ ಹೆಸರು ಹಚ್ಚಲು ಹೋದ ದಿನ ಅಪ್ಪ ಜೊತೆಗೆ ಬಂದಿದ್ದ. ಖಿಡಕಿಯ ಮುಂದೆ ನಿಂತು, ಒಳಗೆ ಎರಡು ಮೊಳ ದೂರದಲ್ಲಿ ಕುಳಿತ ಗುಮಾಸ್ತನಿಗೆ ಖಣಿಯ ದಂಡೆಯಿಂದ ಹೇಳುವ ಹಾಗೆ ಹೇಳಿದ: "ಸಾಹೇಬ್ರಾ! ನನ್ನ ಮಗ ಪಾಸಾಗ್ಯಾನ್ರೀ! ಇವನ ಹೆಸರ ಬರಕೋರ್ರೀ!"

ಗುಮಾಸ್ತ ಕಿವಿಯ ಮೇಲೆ ಕೈಯಿಟ್ಟುಕೊಂಡ. "ಯಜಮಾನ್ರ, ನಾ ಇಲ್ಲೇ ಕುಂತೀನ್ರಿ. ವಾಡಿ ಟೇಷನ್ನಾಗಿಲ್ಲ."

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಹುಡುಗಿಯರೂ ಇದ್ದರು. ನಾನು ಅಪ್ಪನ ತೋಳು ಹಿಡಿದು ಹಲ್ಲು ಕಚ್ಚಿ ಹೇಳಿದೆ: "ಮೆಲ್ಲಗ ಮಾತಾಡಪ್ಪಾ. ಇದು ಖಣಿ ಅಲ್ಲ."

ಅಪ್ಪ ಬಾಯಿ ಮುಚ್ಚಿದ.  ಆ ದಿನದಿಂದ "ಮೆಲ್ಲಗಪ್ಪಾ" ಎನ್ನುವುದು ನನ್ನ ಬಾಯಿಪಾಠವಾಯಿತು. ಬ್ಯಾಂಕಿನಲ್ಲಿ ಮೆಲ್ಲಗಪ್ಪಾ, ದವಾಖಾನೆಯಲ್ಲಿ ಮೆಲ್ಲಗಪ್ಪಾ, ಫೋನಿನಲ್ಲಂತೂ ದಿನಾ. ನನಗೆ ನೌಕರಿ ಸಿಕ್ಕ ಮೇಲೆ ಒಮ್ಮೆ ಕಾಲೇಜು ನೋಡಲು ಬಂದವನು ಸ್ಟಾಫ್ ರೂಮಿನಲ್ಲಿ ಎರಡು ತಾಸು ಕುಳಿತು ಒಂದು ಮಾತೂ ಆಡಲಿಲ್ಲ. ನಮ್ಮ ಪ್ರಿನ್ಸಿಪಾಲರು ಪಾಪ, ಮೂಕರೇನೋ ಎಂದುಕೊಂಡು ಚಹಾ ಬೇಕೇ ಎಂದು ಕೈಸನ್ನೆಯಲ್ಲಿ ಕೇಳಿದರು. ಹೊರಗೆ ಬಂದ ಮೇಲೆ "ಯಾಕಪ್ಪಾ, ಏನರ ಮಾತಾಡಬಾರದೇನು?" ಅಂದೆ. "ನಿನ್ನ ಮಂದಿ ಮುಂದ ನನ್ನ ಅವಾಜ ಯಾಕ ಬಿಡು" ಅಂದ. ಅಷ್ಟು ಮೆಲ್ಲಗೆ ಅಪ್ಪ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಹೋದ ವರ್ಷ ಆ ಅವಾಜಿಗೆ ತುಕ್ಕು ಹಿಡಿಯಿತು. ಮೊದಲು ಶೀತ ಅಂದೆವು, ಆಮೇಲೆ ಧೂಳು ಅಂದೆವು. ಕಲಬುರಗಿಯ ಡಾಕ್ಟರು ಗಂಟಲಿನೊಳಗೆ ಕೊಳವೆ ಇಳಿಸಿ ನೋಡಿ, ನನ್ನನ್ನು ಬಾಜು ಕರೆದರು. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಅದ, ಪೆಟ್ಟಿಗೆಯನ್ನೇ ತೆಗೆಯಬೇಕು, ಕುತ್ತಿಗೆಯಲ್ಲಿ ಒಂದು ತೂತು ಮಾಡುತ್ತೇವೆ, ಉಸಿರು ಅಲ್ಲಿಂದ. "ಜೀವಕ್ಕ ಏನೂ ಆಗಂಗಿಲ್ರಿ. ಅವಾಜ ಮಾತ್ರ ಹೋಗ್ತದ." ಹದಿನೆಂಟು ದಿನ ಬಿಟ್ಟು ತಾರೀಖು ಕೊಟ್ಟರು.

ಇದನ್ನು ಅಪ್ಪನಿಗೆ ಹೇಗೆ ಹೇಳಬೇಕೆಂದು ಬಸ್ಸಿನಲ್ಲಿ ಶಹಾಬಾದ ಬರುವವರೆಗೂ ಮಾತು ಜೋಡಿಸಿದೆ. ಅಪ್ಪನೇ ಹೇಳಿದ: "ನನಗೂ ಕೇಳಿಸ್ಯದ ಬಿಡೋ. ಜೀವ ಉಳಸಲಿಕ್ಕ ಅವಾಜ ಖರ್ಚ್ ಮಾಡೂದು ನನಗೇನ್ ಹೊಸಾದಲ್ಲ." ಹೇಳಿ ಖಿಡಕಿಯ ಕಡೆ ಮುಖ ಮಾಡಿದ.

ಆ ದಿನವೇ ನನ್ನ ತಲೆಯಲ್ಲಿ ಒಂದು ಹಟ ಕುಳಿತುಕೊಂಡಿತು. ಅಪ್ಪನ ಕೂಗನ್ನು ಹಿಡಿದಿಡಬೇಕು. ಮೂರೂ ಕೂಗು, ಹದಿನೆಂಟು ದಿನದೊಳಗೆ. ಬರೀ ಮಾತು ಸಾಲದು. ಮಾತಾಡುವ ಅಪ್ಪಂದಿರು ಎಲ್ಲರ ಮನೆಯಲ್ಲೂ ಇರುತ್ತಾರೆ. ಮಗನಿಗೆ ಹಿಡಿಯುವ ಬುದ್ಧಿ ಬಂದದ್ದು ಆ ದನಿ ಅರ್ಧ ಹೋದ ಮೇಲೆ ಎಂಬುದು ಬೇರೆ ಮಾತು.

ಮೊದಲು ಫೋನಿನಲ್ಲೇ ಹಿಡಿದೆ. ಅದರೊಳಗಿನ ಜಾಣತನ ಅಪ್ಪನ ದನಿಯನ್ನು ಗಾಡಿಯ ಸದ್ದೆಂದು ತಿಳಿದು ಒರೆಸಿಹಾಕಿತು. ಇದು ಆಗುವ ಮಾತಲ್ಲ, ಮೈಕೇ ಬೇಕು ಎಂದುಕೊಂಡೆ. ಕಂಪ್ಯೂಟರಿಗೆ ನೇರ ಚುಚ್ಚುವ ಯುಎಸ್‌ಬಿ ಮೈಕುಗಳು ಬಂದಿವೆ. ನಡುವೆ ಬೇರೆ ಡಬ್ಬಿ ಬೇಡ, ತಂತಿಯ ಜಂಜಾಟವಿಲ್ಲ. ಹೇಗೂ ನನ್ನ ಹುಡುಗರಿಗೆ ಇತಿಹಾಸದ ಪಾಠಗಳನ್ನು ಪಾಡ್‌ಕಾಸ್ಟ್ ಮಾಡಿ ಕಳಿಸಬೇಕೆಂಬ ಆಸೆಯೂ ಇತ್ತು. ಎರಡು ದಿನ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಯಾವ ಮೈಕು ಅಗ್ಗ, ಯಾವುದು ಒಳ್ಳೆಯದು, ಅಗ್ಗದ್ದರಲ್ಲಿ ಒಳ್ಳೆಯದು ಯಾವುದು ಎಂದು ಹೇಳುವವರಿಗೆ ಬರವಿಲ್ಲ. ಅವರೆಲ್ಲ ಕುಳಿತಿರುವುದು ಗೋಡೆ ತುಂಬ ಸ್ಪಂಜು ಹಚ್ಚಿದ ಕೋಣೆಗಳಲ್ಲಿ. ನಮ್ಮ ಮನೆಯ ಮಾತು ಅವರಿಗೇನು ಗೊತ್ತು?

ನಮ್ಮ ಮನೆ ಅಂದರೆ ಕಲ್ಲು. ನೆಲಕ್ಕೆ ಫರ್ಸಿ, ಗೋಡೆಗೆ ಫರ್ಸಿ, ಮಾಳಿಗೆಗೂ ಫರ್ಸಿ. ಅಡುಗೆಯ ಕಟ್ಟೆ, ಪುಸ್ತಕದ ಗೂಡು, ಬಟ್ಟೆ ಒಗೆಯುವ ಹಾಸು, ಬಾಗಿಲ ಮುಂದೆ ಕುಳಿತುಕೊಳ್ಳುವ ಜಾಗ, ಎಲ್ಲವೂ ಶಹಾಬಾದ ಕಲ್ಲು. ಸೇಡಂನಿಂದ ಆ ಕಡೆ ವಾಡಿಯವರೆಗೆ ಯಾರ ಮನೆಗೆ ಹೋದರೂ ಹೀಗೇ. ಒಂದು ಚಮಚ ಬಿದ್ದರೆ ನಾಲ್ಕು ಚಮಚ ಬಿದ್ದಂತೆ ಕೇಳುತ್ತದೆ. ಇಂಥ ಮನೆಗೆ ಎಂಥ ಮೈಕು ತರಬಾರದೋ ನಾನು ಅದನ್ನೇ ತಂದೆ. ಅದೂ ಎರಡನೆಯ ಸಲಕ್ಕೆ.

ಶಹಾಬಾದಿನಲ್ಲಿ ರಫೀಕನ ಎಲೆಕ್ಟ್ರಾನಿಕ್ಸ್ ಅಂಗಡಿಯಿದೆ. ಹೈಸ್ಕೂಲಿನಲ್ಲಿ ನನ್ನ ಬಾಜುವಿನ ಬೆಂಚಿನವನು. "ಯಾತಕ್ಕ ಬೇಕ್ರೀ ಸರ್ ಮೈಕು? ಹಾಡಲಿಕ್ಕೋ, ಪಾಠಕ್ಕೋ?" ಎಂದ. ನೌಕರಿ ಸಿಕ್ಕಾಗಿನಿಂದ ಅವನು ನನಗೆ ಸರ್ ಅನ್ನುತ್ತಾನೆ, ಬೈಯುವಾಗ ಮಾತ್ರ ಭೀಮ್ಯಾ.

"ಅಪ್ಪನ ಅವಾಜ ಹಿಡೀಬೇಕಾಗ್ಯದ."

"ನಿಮ್ಮಪ್ಪಂದಾ?" ಅವನು ಜೋರಾಗಿ ನಕ್ಕ. "ಅದಕ್ಯಾಕ್ರೀ ಮೈಕು? ಖಿಡಕಿ ತೆರದಿಟ್ರ ಇಲ್ಲಿಗೇ ಕೇಳ್ತದ."

ವಿಷಯ ಹೇಳಿದೆ. ಅವನ ನಗು ನಿಂತಿತು. ಸ್ವಚ್ಛವಾಗಿಯೇ ಇದ್ದ ಶೋಕೇಸಿನ ಗಾಜನ್ನು ಅರಿವೆಯಿಂದ ಒರೆಸಿದ. ಆಮೇಲೆ ಕಾಲರ್ ಮೈಕೊಂದನ್ನು ಮುಂದಿಟ್ಟ. ಅಂಗಡಿಯಲ್ಲಿ ಎಲ್ಲಕ್ಕಿಂತ ಕಡಿಮೆಯದು ಅದು. ಒಯ್ದು ನೋಡ್ರಿ, ನಡೀಲಿಲ್ಲಂದ್ರ ಬೇರೇದು ನೋಡೋಣಂತ, ಅಂದ.

ಕಾಲರ್ ಮೈಕನ್ನು ಸಿಕ್ಕಿಸಲು ಅಪ್ಪನ ಅಂಗಿಗೆ ಕಾಲರೇ ಇಲ್ಲ. ಎದೆಯ ಗುಂಡಿಗೆ ಸಿಕ್ಕಿಸಿದೆ. ಅಪ್ಪನಿಗೆ ಅದು ಹುಳದ ಹಾಗೆ ಅನ್ನಿಸಿ, ಪ್ರತಿ ಎರಡು ಮಾತಿಗೊಮ್ಮೆ ಕೈಯಿಂದ ಝಾಡಿಸಿದ. ರೆಕಾರ್ಡಿನಲ್ಲಿ ಬಂದದ್ದು ಬರೀ ಭರ್ ಭರ್. "ಇಷ್ಟ್ ಸಣ್ಣದ್ರಾಗ ನನ್ನ ಅವಾಜ ಹೆಂಗ ಹಿಡೀತದೋ ತಮ್ಮಾ?" ಎಂದು ಅದನ್ನು ಕಿತ್ತು ಕೈಗೆ ಕೊಟ್ಟ.

ಎರಡನೆಯದು ಆ ಬೆಳ್ಳಿಬಣ್ಣದ ಮದುಮಗ. ಇದನ್ನು ಕೊಳ್ಳುವಾಗ, ಫರ್ಸಿ ಮನೆಗೆ ಇದು ಬೇಡ ಎಂದ ರಫೀಕನ ಮಾತು ಕೇಳಲಿಲ್ಲ. ವಿಡಿಯೋದಲ್ಲಿ ಎಲ್ಲರೂ ಇದನ್ನೇ ಹೊಗಳಿದ್ದರು. ನಾನು ಓದಿದವನು, ನೋಡಿ ತಿಳಿದುಕೊಂಡು ತರಿಸಿದ್ದೆ. ಇದು ಕಂಡೆನ್ಸರ್ ಜಾತಿಯದು, ಕಿವಿ ಭಾಳ ಚುರುಕು. ಎಷ್ಟು ಚುರುಕೆಂದರೆ ಅಪ್ಪನ ಮಾತಿನ ಜೊತೆಗೆ ಫ್ಯಾನಿನ ಗರ್ರು, ವಾಡಿ ಯಾರ್ಡಿನಲ್ಲಿ ಗೂಡ್ಸ್ ಗಾಡಿಯ ಡಬ್ಬಿಗಳು ಒಂದಕ್ಕೊಂದು ಬಡಿಯುವ ಸದ್ದು, ಅಡುಗೆಮನೆಯಲ್ಲಿ ಅವ್ವ ರೊಟ್ಟಿ ತಟ್ಟುವುದು, ಎಲ್ಲವನ್ನೂ ಹಿಡಿಯಿತು. ಮೇಲಾಗಿ ಫರ್ಸಿಯ ಗೋಡೆಗಳು ಅಪ್ಪನ ಒಂದೊಂದು ಮಾತನ್ನೂ ನಾಲ್ಕು ಮಾಡಿ ವಾಪಸು ಕೊಟ್ಟವು. ಕೇಳಿದರೆ ಅಪ್ಪ ಬಾವಿಯೊಳಗೆ ಕುಳಿತು ಮಾತಾಡಿದ ಹಾಗಿತ್ತು.

ನಾನು ಸುಮ್ಮನಿರುವವನೇ? ಅವ್ವನ ಪೆಟ್ಟಿಗೆಯಿಂದ ಕೌದಿಗಳನ್ನೆಲ್ಲ ತೆಗೆದೆ. ಹಳೆಯ ಸೀರೆ, ಧೋತರ, ನನ್ನ ಶಾಲೆಯ ಖಾಕಿ ಚಡ್ಡಿ ಎಲ್ಲ ಸೇರಿಸಿ ಅವ್ವ ಹೊಲಿದ ಏಳು ಕೌದಿಗಳು. ಹಗ್ಗ ಕಟ್ಟಿ ಅವನ್ನು ಕೋಣೆಯ ನಾಲ್ಕೂ ಕಡೆ ಇಳಿಬಿಟ್ಟೆ. ಫ್ಯಾನು ಆಫ್. ಅವ್ವನಿಗೆ ತಾಕೀತು ಮಾಡಿದೆ: "ಅವ್ವಾ, ನಾ ರೆಕಾರ್ಡ್ ಮಾಡ್ಲಿಕತ್ತಾಗ ರೊಟ್ಟಿ ಬಡೀಬ್ಯಾಡ. ಭಾಂಡಿ ಮುಟ್ಟಬ್ಯಾಡ. ಏನೇ ಆಗಲಿ ಪಿಟಕ್ಕನಬ್ಯಾಡ. ಒಂದು ಅವಾಜ ಬರಬಾರದು."

"ಕೆಮ್ಮು ಬಂದ್ರ?"

"ಹಿತ್ತಲಕ್ಕ ಹೋಗಿ ಕೆಮ್ಮು."

ಅವ್ವ ತಲೆಯಾಡಿಸಿದಳು. ಕಲಿತ ಮಗನ ಮಾತಿಗೆ ಎದುರಾಡುವ ರೂಢಿ ನಮ್ಮ ಮನೆಯಲ್ಲಿಲ್ಲ. ಇದರಿಂದ ನನಗೆ ಆಗಿರುವ ನಷ್ಟ ಸಣ್ಣದಲ್ಲ ಎಂದು ಈಗ ತಿಳಿಯುತ್ತದೆ.

ಇಷ್ಟಾದರೂ ಮದುಮಗ ಒಗ್ಗಲಿಲ್ಲ. ರಫೀಕನಿಗೆ ಫೋನು ಮಾಡಿದೆ. "ಭೀಮ್ಯಾ, ನಿನಗ ಮೊದಲೇ ಹೇಳಿದ್ನಿಲ್ಲೋ" ಅಂದ. ಅಂದರೆ ಸಿಟ್ಟು ಬಂದಿದೆ ಎಂದರ್ಥ. ಮರುದಿನ ಹೋದಾಗ ಮೂರನೆಯ ಮೈಕನ್ನು ಕೈಗಿಟ್ಟ. ಡೈನಾಮಿಕ್ ಅನ್ನುತ್ತಾರೆ, ಇದರ ಕಿವಿ ಮಂದ. ಬಾಯಿ ಹತ್ತಿರ ತಂದು ಮಾತಾಡಬೇಕು, ಜೋರು ದನಿಗೆ ಹೆದರುವುದಿಲ್ಲ. "ಇದು ನೋಡ್ರಿ ಸರ್, ಎದುರಿಗೆ ಇದ್ದವರ ಮಾತಷ್ಟೇ ಕೇಳ್ತದ. ಬಾಜೂಕ ಹಿಂದ ಯಾರರ ಏನರ ಅಂದ್ರ ಕಿವಿಗೇ ಹಾಕ್ಕೊಳ್ಳಂಗಿಲ್ಲ." ಕಲ್ಲಿನ ಮನೆಗೆ ಇಂಥದ್ದೇ ಬೇಕು ಎಂದ. ಬೆಲೆಯೂ ಮದುಮಗನಿಗಿಂತ ಕಡಿಮೆ. ನಿಮ್ಮಲ್ಲಿ ಯಾರಾದರೂ ಫರ್ಸಿ ಮನೆಯಲ್ಲಿ ಕುಳಿತು ರೆಕಾರ್ಡ್ ಮಾಡುವವರಿದ್ದರೆ ನನ್ನ ಮಾತು ಕೇಳಿ, ಹೊಳೆಯುವುದಕ್ಕೆ ಮರುಳಾಗಬೇಡಿ. ಮಂದ ಕಿವಿಯದನ್ನೇ ತನ್ನಿ, ಕೌದಿ ಕಟ್ಟಿ.

ಅಷ್ಟರಲ್ಲಿ ಒಂಬತ್ತು ದಿನ ಕಳೆದಿದ್ದವು. ಅಪ್ಪನ ದನಿ ಇನ್ನಷ್ಟು ಒಡೆದಿತ್ತು.

ಕಪ್ಪು ಮೈಕಿನ ಮುಂದೆ ಅಪ್ಪ ಕುಳಿತ. ಕೊಡ್ಲಿಯ ಮಾತು ಹೇಳಿದ, ತನ್ನ ಅಪ್ಪ ಇಲ್ಲದ ಮನೆಯ ಮಾತು, ವಾಡಿಗೆ ಬಂದು ಮೊದಲ ವಾರ ಯಾರದೋ ಕಟ್ಟೆಯ ಮೇಲೆ ಮಲಗಿದ ಮಾತು. ದನಿ ಏರಿದಾಗಲೆಲ್ಲ ಕಂಪ್ಯೂಟರಿನಲ್ಲಿ ದನಿಯ ಮಟ್ಟ ತೋರಿಸುವ ಗೆರೆ ಕೆಂಪಾಗುತ್ತಿತ್ತು. ನಾನು ಗುಂಡಿ ತಿರುಗಿಸಿ ಇಳಿಸುವುದರ ಬದಲು ಅಪ್ಪನನ್ನೇ ಇಳಿಸುತ್ತಿದ್ದೆ: "ಮೆಲ್ಲಗಪ್ಪಾ." ಆಮೇಲೆ ಅದನ್ನೆಲ್ಲ ಕೇಳಿ ನೋಡಿದೆ. ಅಪ್ಪನ ಮಾತಿನ ನಡುನಡುವೆ, ಮೈಕಿನ ಹಿಂದಿನಿಂದ, ಸಣ್ಣಗೆ ಒಂದು ದನಿ: ಮೆಲ್ಲಗಪ್ಪಾ. ಮತ್ತೆ ಮೆಲ್ಲಗಪ್ಪಾ. ಹಿಂದಿನ ಮಾತು ಕಿವಿಗೆ ಹಾಕಿಕೊಳ್ಳದ ಮೈಕೂ ಅದನ್ನು ಹಿಡಿದಿತ್ತು. ಇಪ್ಪತ್ತು ವರ್ಷದ ಮಾತು ಅದು, ಹಿಡಿಯದೆ ಏನು ಮಾಡೀತು?

ಮುಂದಿನ ಸಲ ಬಾಯಿ ಕಟ್ಟಿಕೊಂಡೆ. "ಅಪ್ಪಾ, ಇವತ್ತು ಕೂಗು. ಎಷ್ಟ್ ಜೋರ್ ಬೇಕೋ ಅಷ್ಟು. ಮೂರೂ" ಅಂದೆ.

ಅಪ್ಪ ನನ್ನನ್ನೇ ನೋಡಿದ. "ಇದು ಎಷ್ಟ್ ದೂರ ಕೇಳ್ತದ?"

"ಇಡೀ ಜಗತ್ತಿಗೆ ಕೇಳಸಬಹುದಪ್ಪಾ."

"ಅಷ್ಟ್ ದೂರ ಯಾರ್ ನಿಂತಾರ?" ಅಂದು ಎದ್ದು ನಿಂತ. ಟವೆಲನ್ನು ಹೆಗಲ ಮೇಲೆ ಸರಿಮಾಡಿಕೊಂಡ. ಕೂಗಿದ. "ಹುಷಾರೋ... ಹುಷಾರ್!" ಒಡಕು ದನಿ, ಅರ್ಧ ಗಾಳಿ. ಆದರೂ ಏಳೂ ಕೌದಿಗಳು ಅಲುಗಿದಂತಾಯಿತು. ಎರಡನೆಯದು ಕೂಗಿದ. ಆಮೇಲೆ ನಿಂತ. ತಲೆಯನ್ನು ಒಂದು ಕಡೆ ವಾಲಿಸಿ, ಕೌದಿಗಳ ಆಚೆ ಎಲ್ಲೋ ನೋಡುತ್ತಾ ನಿಂತ. ನಾನು ಉಸಿರು ಬಿಗಿಹಿಡಿದೆ. ನನ್ನ ಉಸಿರು ಸಹ ರೆಕಾರ್ಡಿನಲ್ಲಿ ಬರಬಾರದು. ಎಷ್ಟು ಹೊತ್ತಾದರೂ ಮೂರನೆಯದು ಬರಲಿಲ್ಲ. ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಕುಳಿತುಬಿಟ್ಟ.

"ಯಾಕಪ್ಪಾ? ಮೂರನೇದು?"

"ಆಗಂಗಿಲ್ಲ."

ಮರುದಿನವೂ ಹೀಗೇ ಆಯಿತು. ಎರಡು ಕೂಗು, ಬಿಡುವು, ಆಗಂಗಿಲ್ಲ. ದಮ್ಮು ಹತ್ತುತ್ತದೆ, ಪಾಪ, ಶಕ್ತಿ ಸಾಲದು ಎಂದುಕೊಂಡೆ. ಇನ್ನು ನಾಲ್ಕು ದಿನ ಉಳಿದಿದ್ದವು. ಮುದುಕನನ್ನು ಎಷ್ಟೆಂದು ಪೀಡಿಸುವುದು? ಅದಕ್ಕೆ ನಾನು ಕಲಿತವನ ಉಪಾಯ ಮಾಡಿದೆ. ಕಂಪ್ಯೂಟರಿನಲ್ಲಿ ಅಪ್ಪನ ಎರಡನೆಯ ಕೂಗನ್ನೇ ಕತ್ತರಿಸಿ, ಮೂರನೆಯದರ ಜಾಗದಲ್ಲಿ ಅಂಟಿಸಿದೆ. ನಡುವಿನ ಖಾಲಿ ಬಿಡುವು ಉದ್ದವಾಯಿತೆಂದು ಅದನ್ನೂ ಕತ್ತರಿಸಿ ಚಿಕ್ಕದು ಮಾಡಿದೆ. ಒಂದು, ಎರಡು, ಮೂರು. ಎಲ್ಲಿ ಜೋಡಿಸಿದ್ದೆಂದು ನನಗೇ ಗೊತ್ತಾಗದಷ್ಟು ನಯ.

ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಅವ್ವ ಇಬ್ಬರನ್ನೂ ಕೂರಿಸಿ, ಸ್ಪೀಕರ್ ಹಚ್ಚಿ ಹಾಕಿದೆ. ನನ್ನ ಮುಖದಲ್ಲಿ ಎಂಥ ಹಮ್ಮು ಇದ್ದಿರಬೇಕು ಎಂದು ನೆನೆದರೆ ಈಗಲೂ ಮೈ ಹಿಡಿಯಷ್ಟಾಗುತ್ತದೆ.

ಮೊದಲನೆಯ ಕೂಗಿಗೆ ಅಪ್ಪ ನೆಟ್ಟಗಾದ. ಎರಡನೆಯದಕ್ಕೆ ತಲೆ ವಾಲಿಸಿದ. ಅದರ ಹಿಂದೆಯೇ ಮೂರನೆಯದು ಬಂತು. ಅಪ್ಪ ಚಂಗನೆ ಎದ್ದ. ತಾಟು ಬಿತ್ತು.

"ಯಾಂವ ಹೇಳ್ದ ಮೂರನೇದು ಕೂಗಂತ?"

"ಅಪ್ಪಾ, ಅದು ನಿಂದೇ ಅವಾಜ..."

"ನಂದಲ್ಲ! ನಾ ಕೂಗಿಲ್ಲ ಅದು! ಕೆಳಗ ಮಂದಿ ಇದ್ದಾರೋ ಹುಚ್ಚಾ, ಮಂದಿ ಇದ್ದಾರ ಕೆಳಗ!"

ಅಪ್ಪ ಗಂಟಲಿನಿಂದ ರಕ್ತ ಬರುತ್ತದೇನೋ ಎನ್ನುವಷ್ಟು ಕೆಮ್ಮಿ, ಕೌದಿಯೊಂದನ್ನು ಎಳೆದು ಕೆಳಗೆ ಹಾಕಿ ಹೊರಗೆ ಹೋದ. ಬಾಗಿಲ ಮುಂದಿನ ಹಾಸುಗಲ್ಲಿನ ಮೇಲೆ ನಮಗೆ ಬೆನ್ನು ಮಾಡಿ ಕುಳಿತ.

ನಾನು ದಿಕ್ಕು ತೋಚದೆ ಅವ್ವನ ಮುಖ ನೋಡಿದೆ. ಅವಳು ಬಿದ್ದ ತಾಟನ್ನು ಎತ್ತಿಟ್ಟಳು. "ಜವಾಬ್ ಬರ್ಲಾರ್ದ ಮೂರನೇದು ಕೂಗಂಗಿಲ್ಲಪ್ಪಾ" ಅಂದಳು.

"ಯಾರ ಜವಾಬು?"

"ಕೆಳಗಿದ್ದವರದು. ಎರಡನೇ ಕೂಗಾದ ಮ್ಯಾಲೆ ಮೂಡಲ ಕಡಿಂದ ಒಬ್ಬರು ಹಾಂ ಅನಬೇಕು. ಪಡುವಲ ಕಡಿಂದ ಒಬ್ಬರು ಹಾಂ ಅನಬೇಕು. ಅಂದ್ರ ಎಲ್ಲಾರೂ ಸರದೀವಿ ಅಂತ. ಹಾಂ ಅನ್ನಲಿಕ್ಕ ಅವಾಜ ಮುಟ್ಟಲಾರದಷ್ಟ್ ದೂರ ಇದ್ದವರು ಟವೆಲ್ ಎತ್ತಿ ತೋರಸಬೇಕು. ಜವಾಬ್ ಬರೂತನಕ ನಿಮ್ಮಪ್ಪ ನಿಂತೇ ಇರ್ತಿದ್ದ. ಮುಕಾದಮ ಎಷ್ಟ್ ಬೈದ್ರೂ ಕೂಗ್ತಿದ್ದಿಲ್ಲ. ಅವನ ಕೂಗಿನ ಮ್ಯಾಲೆ ಒಬ್ಬರಿಗೂ ಒಂದು ಕಲ್ಲ ಬಡದಿಲ್ಲ, ಕೇಳಿ ನೋಡು ಯಾರಿಗರ."

ಬಾಲ್ಯದ ಆ ಬಿಡುವು. ಬೆರಳು ಮಡಚಿ ಎಣಿಸಿದ ಬಿಡುವು. ನಮ್ಮ ಮನೆಗೆ ಅಪ್ಪನ ದನಿ ಮಾತ್ರ ಬರುತ್ತಿತ್ತು. ಆಳದಿಂದ ಬಂದ ಹಾಂಗಳು ಒಂದು ಮೈಲಿ ದಾಟಿ ಬರುತ್ತಿರಲಿಲ್ಲ. ನಾನು ಅರ್ಧ ಮಾತನ್ನೇ ಪೂರ್ತಿ ಎಂದು ತಿಳಿದು ಬೆಳೆದಿದ್ದೆ. ಈಗ ಆ ಅರ್ಧದಲ್ಲೂ ಬಿಡುವನ್ನು ಬೇಡವಾದದ್ದೆಂದು ಕತ್ತರಿಸಿ ಎಸೆದಿದ್ದೆ.

"ಇದೆಲ್ಲ ನಿನಗ ಹೆಂಗ ಗೊತ್ತು?"

ಅವ್ವ ನಕ್ಕಳು. "ಖಣ್ಯಾಗ ನಾ ಬುಟ್ಟಿ ಹೊತ್ತಿಲ್ಲೇನು? ನೀ ಹೊಟ್ಟ್ಯಾಗಿದ್ದಾಗ ಮೂಡಲ ಕಡಿ ಹಾಂ ಅಂತಿದ್ದಾಕಿ ನಾನೇ."

"ಮತ್ತ ಮೊನ್ನೆ ಅಪ್ಪ ಕೂಗಿ ನಿಂತಾಗ ಯಾಕ ಸುಮ್ನಿದ್ದಿ?"

"ನೀನೇ ಹೇಳಿದ್ದೆಲ್ಲಪ್ಪಾ, ಏನೇ ಆಗಲಿ ಪಿಟಕ್ಕನಬ್ಯಾಡ ಅಂತ. ಬಾಯಿತನಕ ಬಂದಿತ್ತು. ಕಲ್ತಾಂವ ಹೇಳ್ಯಾನ, ಏನೋ ಇದ್ದೀತು ಅಂತ ನುಂಗಿಕೊಂಡೆ."

 ಎದುರಿಗಿದ್ದವರ ಮಾತು ಮಾತ್ರ ಕೇಳುವ ಮೈಕನ್ನು ಹುಡುಕಿ ಹುಡುಕಿ ಒಂಬತ್ತು ದಿನ ಅಲೆದಿದ್ದೆ. ಅಂಥದ್ದೊಂದು ಮನೆಯಲ್ಲೇ ಇತ್ತು, ಎಂ.ಎ. ಮಾಡಿಕೊಂಡು.

ಸಂಜೆ ಅಪ್ಪನ ಬಾಜು ಹಾಸುಗಲ್ಲಿನ ಮೇಲೆ ಹೋಗಿ ಕುಳಿತೆ. ಅಂಟಿಸಿದ್ದನ್ನು ಅವನ ಕಣ್ಣ ಮುಂದೆಯೇ ಅಳಿಸಿದೆ. "ತಪ್ಪಾತಪ್ಪಾ" ಅಂದೆ. ಅಪ್ಪ, "ನಿನಗೆಂಗ ಗೊತ್ತಿರಬೇಕು, ನೀ ಎಂದೂ ಕೆಳಗ ಇಳದಿಲ್ಲ" ಅಂದ. ಸ್ವಲ್ಪ ಬಿಟ್ಟು, "ಇಳೀಬಾರದು ಅಂತಲೇ ಕೂಗ್ದೆ" ಅಂದ.

ಮರುದಿನ ಮಧ್ಯಾಹ್ನ ಕೌದಿಗಳನ್ನೆಲ್ಲ ಬಿಚ್ಚಿ ಮಡಚಿಟ್ಟೆ. ಅವ್ವನಿಗೆ ರೊಟ್ಟಿ ಬಡಿ ಅಂದೆ. ಬಾಗಿಲು, ಖಿಡಕಿ ತೆರೆದೆ. ಅಪ್ಪ ಕಪ್ಪು ಮೈಕಿನ ಮುಂದೆ ನಿಂತ. ನಾನು ಅದರ ಹಿಂದೆ, ಪಡುವಲ ಗೋಡೆಗೆ ಬೆನ್ನು ಕೊಟ್ಟು ನಿಂತೆ.

ಮೊದಲನೆಯ ಕೂಗು. ಅಡುಗೆಮನೆಯಲ್ಲಿ ರೊಟ್ಟಿಯ ಸಪ್ಪಳ ನಿಂತಿತು. ಕೈಯಲ್ಲಿದ್ದದ್ದನ್ನು ಕೆಳಗಿಡಬೇಕಲ್ಲ.

ಎರಡನೆಯ ಕೂಗು. ಅಪ್ಪ ತಲೆ ವಾಲಿಸಿ ಕಾದ.

"ಹಾಂ!" ಅಡುಗೆಮನೆಯಿಂದ ಅವ್ವ. ಮೂಡಲ ಕಡೆ. ನಲವತ್ತು ವರ್ಷ ಹಿಂದಿನ ಹೆಣ್ಣುಮಗಳೊಬ್ಬಳು ಅವಳೊಳಗಿಂದ ಎದ್ದು ಅಂದಂತಿತ್ತು ಅದು.

ಅಪ್ಪ ನನ್ನ ಕಡೆ ತಿರುಗಿದ. ತರಗತಿಯಲ್ಲಿ ತಾಸುಗಟ್ಟಲೆ ಮಾತಾಡುವವನು ನಾನು. ಎರಡು ಅಕ್ಷರವೂ ಅಲ್ಲದ ಒಂದು ಮಾತು, ಅದನ್ನು ಹೇಳಲಾಗುತ್ತಿಲ್ಲ. ಅಪ್ಪ ಕಾದ. ಅವನಿಗೆ ಕಾಯುವುದು ಗೊತ್ತು.

"ಹಾಂ" ಅಂದೆ.

ಅಪ್ಪ ಮೈಕನ್ನು ಮುಷ್ಟಿಯಲ್ಲಿ ಹಿಡಿದ. ಸ್ಪಂಜು ಹರಿದದ್ದು ಆಗಲೇ. ಇನ್ನೊಂದು ಗಳಿಗೆ ನಾಲ್ಕೂ ಕಡೆ ನೋಡಿದ, ಯಾರಾದರೂ ಉಳಿದರೇನೋ ಎಂದು. ಆಮೇಲೆ ಇದ್ದದ್ದನ್ನೆಲ್ಲ ಕೂಡಿಸಿ ಮೂರನೆಯದನ್ನು ಕೂಗಿದ. ಗೆರೆ ಪೂರ್ತಿ ಕೆಂಪಾಯಿತು. ಫರ್ಸಿಯ ಗೋಡೆಗಳು ಅದನ್ನು ನಾಲ್ಕು ಮಾಡಿ ಕೊಟ್ಟವು. ಕೊಟ್ಟರೆ ಕೊಡಲಿ ಎಂದು ನಿಂತೆ.

ಆಪರೇಷನ್ ಆಯಿತು. ಡಾಕ್ಟರು ಹೇಳಿದ ಮಾತು ಉಳಿಸಿಕೊಂಡರು: ಜೀವ ಉಳಿಯಿತು, ಅವಾಜ ಹೋಯಿತು. ಅಪ್ಪನಿಗೆ ಓದು ಬರಹ ಇಲ್ಲ, ಚೀಟಿಯಲ್ಲಿ ಬರೆದು ಹೇಳುವಂತಿಲ್ಲ. ಏನಾದರೂ ಬೇಕಾದರೆ ಸ್ಟೀಲ್ ಗ್ಲಾಸಿನಿಂದ ಫರ್ಸಿ ನೆಲವನ್ನು ಎರಡು ಸಲ ಬಡಿಯುತ್ತಾನೆ. ಮನೆಯ ಯಾವ ಮೂಲೆಯಲ್ಲಿದ್ದರೂ ನಾವು "ಹಾಂ" ಅನ್ನುತ್ತೇವೆ. ಅನ್ನುವವರೆಗೂ ಅವನು ಮೂರನೆಯ ಸಲ ಬಡಿಯುವುದಿಲ್ಲ.

ಗಾಯ ಮಾಗಿದ ಮೇಲೆ ಒಂದು ಮಧ್ಯಾಹ್ನ ತಾನೇ ಮೈಕಿನ ಕಡೆ, ಆಮೇಲೆ ಸ್ಪೀಕರಿನ ಕಡೆ ಬೆರಳು ತೋರಿಸಿದ. ಹಾಕಲೋ ಬೇಡವೋ ಎಂದು ಅವ್ವನನ್ನು ನೋಡಿದೆ. "ಹಚ್ಚು" ಅಂದಳು. ಹಚ್ಚಿದೆ. ಆ ರೆಕಾರ್ಡಿನಲ್ಲಿ ನಾನು ಏನನ್ನೂ ಕತ್ತರಿಸಿಲ್ಲ. ರೊಟ್ಟಿಯ ಸಪ್ಪಳವಿದೆ, ವಾಡಿಯ ಗೂಡ್ಸ್ ಗಾಡಿಯಿದೆ, ನಾನು ತಡವರಿಸಿದ ಆ ಉದ್ದನೆಯ ಬಿಡುವೂ ಇದೆ.

ಮೊದಲನೆಯ ಕೂಗು ಬಂತು. ಎರಡನೆಯದು ಬಂತು. ದೂರದಿಂದ ಸಣ್ಣಗೆ ಅವ್ವನ ಹಾಂ. ಬಿಡುವು. ನನ್ನ ಹಾಂ. ಆಮೇಲೆ ಅಪ್ಪ ಅಂದು ನಾಲ್ಕೂ ಕಡೆ ಕಣ್ಣಾಡಿಸಿದ ಆ ಗಳಿಗೆ. ಸ್ಪೀಕರಿನಲ್ಲಿ ಏನೂ ಇಲ್ಲ, ಬರೀ ನಮ್ಮ ಮನೆಯ ಕಲ್ಲಿನ ಮೌನ.

ಹಾಸಿಗೆಯ ಮೇಲೆ ಕುಳಿತಿದ್ದ ಅಪ್ಪ ಹೆಗಲ ಮೇಲಿನ ಟವೆಲನ್ನು ತೆಗೆದು, ತಲೆಗಿಂತ ಮೇಲೆ, ಕೈ ಎಟುಕುವಷ್ಟು ಮೇಲೆ ಎತ್ತಿ ಹಿಡಿದ.

ಆಮೇಲೆ ಮೂರನೆಯ ಕೂಗು ಬಂತು.